ಹಾಲು ಬಿಟ್ಟ ಮರಿ

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಇದನ್ನು ನನ್ನ ಹೆಂಡತಿ ಮದುವೆಗೆ ಮೊದಲೇ ಬಲ್ಲಳು. ದಾಂಡೇಲಿಯ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರ ಹೇಳುತ್ತಿದ್ದೆ, ಅವಳು ಅದೇ ವಿಭಾಗದ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದಳು. ಹಾವು, ಕಪ್ಪೆಗಳನ್ನಿಟ್ಟ ಬಾಟಲಿಗಳ ಮೇಲಿನ ಧೂಳು ಒರೆಸುತ್ತ ವರ್ಷಗಟ್ಟಲೆ ನನ್ನ ಪಾಠ ಕೇಳಿದವಳು. ನಾನು ಎಲ್ಲಿ ಹಾಸ್ಯ ಮಾಡುತ್ತೇನೆ, ಎಲ್ಲಿ ಹುಡುಗರು ನಗುತ್ತಾರೆ, ಎಲ್ಲಿ ನಾನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತೇನೆ, ಎಲ್ಲ ಅವಳಿಗೆ ಬಾಯಿಪಾಠ. ಮದುವೆಯಾದ ಮೇಲೂ ಊಟಕ್ಕೆ ಕೂತು ನಾನು ಏನಾದರೂ ವಿವರಿಸಲು ಹೊರಟರೆ, ಇದು ಎರಡನೇ ಸೆಮಿಸ್ಟರಿನ ಪಾಠ, ಅನ್ನ ಆರುತ್ತದೆ ಎನ್ನುತ್ತಿದ್ದಳು.

ನಲವತ್ತು ದಾಟುವವರೆಗೆ ನಾನು ಒಂಟಿ. ಅವಳ ಮೊದಲ ಗಂಡ ಮುಂಡಗೋಡ ಕಡೆಯ ಪಾಳಾ ಎಂಬ ಊರಿನವನು, ಕಾಗದದ ಗಿರಣಿಯಲ್ಲಿ ಕೆಲಸಕ್ಕಿದ್ದವನು. ಕಾಮಾಲೆಯಾಗಿ ಅವನು ತೀರಿಕೊಂಡಾಗ ಮಗಳಿಗೆ ಮೂರು ವರ್ಷ. ಐದು ವರ್ಷದ ಮೇಲೆ, ನಮ್ಮಿಬ್ಬರ ಮನಸ್ಸು ತಿಳಿದು ಮುಂದೆ ನಿಂತು ಉಡಕಿ ಮಾಡಿಸಿದವಳು ಅವಳ ಅತ್ತೆ, ಅಂದರೆ ಸತ್ತವನ ಹೆತ್ತ ತಾಯಿ. ಉಡಕಿ ಎಂದರೆ ನಮ್ಮ ಕಡೆ ಗಂಡ ಸತ್ತವಳ ಮರುಮದುವೆ. ವಾಲಗವಿಲ್ಲ, ಹಂದರವಿಲ್ಲ. ಸಂಜೆ ನಾಲ್ಕು ಮಂದಿಯ ಎದುರು ಸೀರೆ ಉಡಿಸಿ, ಬಳೆ ತೊಡಿಸಿದರೆ ಮುಗಿಯಿತು. ಆ ಸೀರೆಯನ್ನು ಕೂಡ ಅತ್ತೆಯೇ ಹುಬ್ಬಳ್ಳಿಗೆ ಹೋಗಿ ಆರಿಸಿ ತಂದಿದ್ದಳು. "ಸೊಸಿ ಅಂತ ತಂದಿದ್ದೆ, ಮಗಳು ಅಂತ ಕೊಡಾಕತ್ತೇನಿ" ಎಂದು ನನ್ನ ಮುಖ ನೋಡಿ ಹೇಳಿದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ, ಹಾಗಾಗುವುದು ಅಪರೂಪ.

ಮಗಳಿಗೆ ಆಗ ಎಂಟು ವರ್ಷ. ಸಣಕಲು ಹುಡುಗಿ, ಎರಡು ಜಡೆ, ಎಲ್ಲವನ್ನೂ ಕಣ್ಣಿನಿಂದಲೇ ಕೇಳುವ ಸ್ವಭಾವ. ಅವಳ ತಾಯಿ ನನ್ನನ್ನು ಸರ್ ಎನ್ನುತ್ತಿದ್ದಳು, ಇವಳೂ ಸರ್ ಎಂದಳು. ನಾನು ಬೇಡವೆನ್ನಲಿಲ್ಲ. ಅಪ್ಪ ಎಂದು ಕರೆಸಿಕೊಳ್ಳುವ ಆಸೆ ಒಳಗೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಮೊದಲ ನಾಲ್ಕು ತಿಂಗಳಲ್ಲಿ ನಮ್ಮ ನಡುವೆ ಒಂದು ಒಪ್ಪಂದ ತಾನಾಗಿ ಆಗಿತ್ತು. ಬೆಳಿಗ್ಗೆ ಅವಳಿಗೆ ದೊಡ್ಡ ಸ್ಟೀಲ್ ಲೋಟದ ತುಂಬ ಹಾಲು ಬೇಕು, ಆದರೆ ಕೆನೆ ಕಂಡರೆ ವಾಕರಿಕೆ. ಲೋಟ ಹಿಡಿದು ನನ್ನ ಹತ್ತಿರ ಬಂದು, "ಸರ್, ಕೆನಿ ತಗೀರಿ" ಎನ್ನುವಳು. ನಾನು ಚಮಚದಲ್ಲಿ ಕೆನೆ ಎತ್ತಿ ನನ್ನ ಚಹಾಕ್ಕೆ ಹಾಕಿಕೊಳ್ಳುವೆ. ಇನ್ನೊಂದು ಎಳೆ ಉಳಿದಿದೆಯೇ ಎಂದು ಅವಳು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಪರೀಕ್ಷಿಸುವಳು. ಆಮೇಲೆ ಸ್ಕೂಟರಿನ ಮುಂದೆ ನಿಂತು ಶಾಲೆಯವರೆಗೆ ಹಾರ್ನು ಅವಳದೇ. ನಾವಿದ್ದ ಬಂಗೂರನಗರದ ಓಣಿಯ ನಾಯಿಗಳಿಗೆಲ್ಲ ನಮ್ಮ ಸ್ಕೂಟರಿನ ಗುರುತಿತ್ತು.

ಆ ಸುಖವನ್ನು ನಾನೇ ಕೆಡಿಸಿಕೊಂಡೆ.

ಭಾನುವಾರ ಬೆಳಿಗ್ಗೆ ಏಳೆಂಟು ವಿದ್ಯಾರ್ಥಿಗಳು ಮನೆಯ ಪಡಸಾಲೆಗೆ ಬಂದು ಕೂರುತ್ತಿದ್ದರು, ಪರೀಕ್ಷೆಗೆ ಮುಂಚೆ ಕಠಿಣ ಪಾಠಗಳನ್ನು ಇನ್ನೊಮ್ಮೆ ಹೇಳಿಸಿಕೊಳ್ಳಲು. ಅವತ್ತು ಪ್ರಾಣಿಗಳ ನಡವಳಿಕೆಯ ಪಾಠ. ನನಗೆ ಬಹಳ ಇಷ್ಟದ್ದು, ಏಕೆಂದರೆ ಅದರಲ್ಲಿ ನಮ್ಮೂರಿನ ಉದಾಹರಣೆ ಬರುತ್ತದೆ. ನಾವು ಮುಸ್ಯಾ ಎನ್ನುವ ಕರಿಮುಖದ ಕೋತಿಗಳ ಗುಂಪಿನಲ್ಲಿ ಸಾಮಾನ್ಯವಾಗಿ ಒಂದೇ ದೊಡ್ಡ ಗಂಡು. ಹೊರಗಿನ ಗಂಡೊಂದು ಬಂದು ಅದನ್ನು ಓಡಿಸಿ ಗುಂಪು ಹಿಡಿದರೆ, ಹಳೆಯ ಗಂಡಿನ ಮರಿಗಳನ್ನು ಕಚ್ಚಿ ಕೊಲ್ಲುವುದುಂಟು. ಧಾರವಾಡ ಕಡೆಯ ಕಾಡಿನಲ್ಲೇ ಇದನ್ನು ಮೊದಮೊದಲು ನೋಡಿ ಬರೆದಿಟ್ಟದ್ದು. ಯಾಕೆ ಕೊಲ್ಲುತ್ತದೆ? ಮರಿ ಸತ್ತರೆ ತಾಯಿಯ ಹಾಲು ನಿಲ್ಲುತ್ತದೆ, ಬೇಗ ಮತ್ತೆ ಬಸಿರಾಗುತ್ತಾಳೆ, ಈ ಸಲ ಹೊಸ ಗಂಡಿನ ಮರಿ ಹುಟ್ಟುತ್ತದೆ. ಪುಸ್ತಕದ ವಿವರಣೆ ಇಷ್ಟೇ. ನಾನು ಇಷ್ಟಕ್ಕೆ ನಿಲ್ಲಿಸಬೇಕಿತ್ತು.

ಒಬ್ಬ ಹುಡುಗಿ, ಮನುಷ್ಯರದು ಹೇಗೆ ಸರ್ ಎಂದು ಕೇಳಿದಳು. ನನಗೆ ಹುರುಪು ಬಂತು. ಕನ್ನಡಕ ತೆಗೆದು ಒರೆಸಿಕೊಂಡೆ. ನಾವೂ ಅದೇ ಕಾಡಿನಿಂದ ಬಂದವರು, ಅಂಗಿ ಹಾಕಿಕೊಂಡಿದ್ದೇವೆ ಅಷ್ಟೇ ಎಂದೆ. ತಾಯಿಯ ಮಮತೆ, ಅಣ್ಣತಮ್ಮಂದಿರ ಪ್ರೀತಿ ಎಲ್ಲವೂ ತಳದಲ್ಲಿ ರಕ್ತ ತನ್ನ ಲೆಕ್ಕ ನೋಡಿಕೊಳ್ಳುವುದು ಎಂದೆ. ಹುಡುಗರು ಕಣ್ಣರಳಿಸಿ ಕೇಳುತ್ತಿದ್ದರು. ಆ ಅಮಲಿನಲ್ಲಿ ಇನ್ನೊಂದು ಮಾತು ಹೇಳಿದೆ. "ಇನ್ನೊಬ್ಬನ ಕೂಸಿನ್ನ ಸಾಕೂ ಗಂಡಸಿನ ಒಳಗೂ ಒಂದು ಮುಸ್ಯಾ ಕುಂತಿರತೈತಿ." ಎಲ್ಲರೂ ನಕ್ಕರು. ಆ ಗಂಡಸು ನಾನೇ ಎಂಬುದು, ದೇವರಾಣೆ, ನನ್ನ ತಲೆಗೆ ಬರಲಿಲ್ಲ. ಪಾಠ ಹೇಳುವಾಗ ನಾನು ನನ್ನ ಮನೆಯಲ್ಲಿರುವುದಿಲ್ಲ, ಎಲ್ಲೋ ಮೇಲಿನಿಂದ ಲೋಕ ನೋಡುತ್ತಿರುತ್ತೇನೆ. ಮಗಳು ಒಳಗಿನ ಕಿಟಕಿಯ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು.

ಎರಡು ದಿನ ಬಿಟ್ಟು ಅವಳು ನನ್ನ ಮೇಜಿನ ಹತ್ತಿರ ಬಂದಳು. "ಸರ್, ಹೊಸಾ ಮುಸ್ಯಾ ಬಂದ್ರ ಎಲ್ಲಾ ಮರಿಗಳನ್ನೂ ಕೊಲ್ಲತೈತೇನ್ರಿ?"

ನನಗೆ ಎಷ್ಟು ಖುಷಿಯಾಯಿತೆಂದರೆ, ಈ ಮಗು ನನ್ನ ವಿಷಯ ಓದುತ್ತದೆ, ನನ್ನ ಹಾದಿಯಲ್ಲಿ ಬರುತ್ತದೆ ಎಂದು ಎದೆ ಉಬ್ಬಿತು. ಅವಳನ್ನು ಕುರ್ಚಿಯ ಮೇಲೆ ಕೂರಿಸಿಕೊಂಡೆ. ಎಲ್ಲವನ್ನೂ ಅಲ್ಲ, ಇನ್ನೂ ಹಾಲು ಕುಡಿಯುವ ಮರಿಗಳನ್ನು ಮಾತ್ರ, ಹಾಲು ಬಿಟ್ಟ ಮರಿಗಳ ತಂಟೆಗೆ ಹೋಗುವುದಿಲ್ಲ ಎಂದು ವಿವರಿಸಿದೆ. ಮರಿ ಉಳಿಯಬೇಕಾದರೆ ಏನು ಮಾಡಬೇಕು ಎಂದು ಕೇಳಿದಳು. ಬೇಗ ಹಾಲು ಬಿಡಬೇಕು, ಇಲ್ಲವೇ ಗುಂಪು ಬಿಟ್ಟು ಬೇರೆ ಕಡೆ ಹೋಗಬೇಕು ಎಂದೆ. ಕಾಗದದ ಮೇಲೆ ಒಂದು ಮುಸ್ಯಾನ ಚಿತ್ರವನ್ನೂ ಬರೆದುಕೊಟ್ಟೆ. ಅವಳು ಚಿತ್ರ ಮಡಚಿ ಇಟ್ಟುಕೊಂಡು ಎದ್ದುಹೋದಳು. ರಾತ್ರಿ ಹೆಂಡತಿಯ ಮುಂದೆ ಮಗಳ ಜಾಣತನವನ್ನು ಹೊಗಳಿದ್ದೇ ಹೊಗಳಿದ್ದು. ನನ್ನಂಥ ಪೆದ್ದ ಮಾಸ್ತರ ಉತ್ತರ ಕನ್ನಡ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಮರುದಿನ ಅವಳು ಹಾಲು ಬೇಡವೆಂದಳು. ಅದರ ಮರುದಿನವೂ ಬೇಡ. ತಾಯಿ ಗದರಿದಳು, ಬೆಲ್ಲ ಹಾಕಿ ಕೊಟ್ಟಳು, ಕೊನೆಗೆ ಲೋಟ ಅಲ್ಲೇ ಇಟ್ಟು ಕೆಲಸಕ್ಕೆ ಹೋದಳು. ಹೊಟ್ಟೆ ಸರಿಯಿಲ್ಲವೇನೋ ಎಂದು ಓಮಿನಕಾಳು ಕುದಿಸಿ ಕೊಟ್ಟೆವು. ಸ್ಕೂಟರ್ ಬೇಡ, ಗೆಳತಿಯ ಜೊತೆ ನಡೆದು ಹೋಗುತ್ತೇನೆ ಎಂದಳು. ನಾನು ಮನೆಯಲ್ಲಿ ಒಬ್ಬನೇ ಇದ್ದರೆ ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ಬೆಳೆಯುವ ಮಕ್ಕಳು ಹೀಗೇ ಎಂದು ನಾನು ಹೆಂಡತಿಗೆ ಸಮಾಧಾನ ಹೇಳಿದೆ. ಅದಕ್ಕೂ ನನ್ನ ಹತ್ತಿರ ಒಂದು ವಿವರಣೆ ಇತ್ತು.

ದಸರಾ ರಜೆಗೆ ಅವಳು ಅಜ್ಜಿಯ, ಅಂದರೆ ನಮ್ಮ ಉಡಕಿ ಮಾಡಿಸಿದ ಆ ಅತ್ತೆಯ, ಊರು ಪಾಳಾಕ್ಕೆ ಹೋದಳು. ರಜೆ ಮುಗಿಯುವ ಹೊತ್ತಿಗೆ ಹೆಂಡತಿ ಫೋನ್ ಮಾಡಿದರೆ, ಬರುವುದಿಲ್ಲ, ಇಲ್ಲಿಯ ಶಾಲೆಗೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದಳು. ಆಮೇಲೆ ಅಜ್ಜಿ ಫೋನ್ ತೆಗೆದುಕೊಂಡು, ಮಾಸ್ತರನ್ನು ಕರೆ ಎಂದಳು. ನನಗೆ ಹೇಳಿದ್ದು ಎರಡೇ ಮಾತು. "ಹುಡುಗಿ ಎಮ್ಮಿ ಹಾಲನೂ ಮುಟ್ಟವಲ್ಲಳು. ಹಾಲು ಬಿಟ್ರ ಸರ್ ಕೊಲ್ಲಂಗಿಲ್ಲ ಅಂತಾಳ, ನೀವ ಹೇಳೀರಂತ."

ಫೋನ್ ಹಿಡಿದುಕೊಂಡೇ ನಾನು ನೆಲದ ಮೇಲೆ ಕೂತುಬಿಟ್ಟೆ. ಹೆಂಡತಿ ಏನಾಯಿತೆಂದು ಕೇಳಿದಾಗ ಎಲ್ಲವನ್ನೂ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಯ್ಯಲಿಲ್ಲ. ಮಗಳು ಇಲ್ಲದ ಮನೆಯಲ್ಲಿ ನಾನಿರುವುದಿಲ್ಲ, ಕರೆದುಕೊಂಡು ಬನ್ನಿ ಎಂದಳು. ಅದು ಬೆದರಿಕೆಯಾಗಿರಲಿಲ್ಲ. ಇದ್ದ ವಿಷಯವನ್ನು ಇದ್ದ ಹಾಗೆ ಹೇಳಿದ್ದಳು, ಅದಕ್ಕೇ ನನಗೆ ಹೆದರಿಕೆಯಾಯಿತು.

ಭಾನುವಾರ ಹಳಿಯಾಳದಲ್ಲಿ ಬಸ್ಸು ಬದಲಿಸಿ, ಕಲಘಟಗಿಯ ಮೇಲೆ ಮುಂಡಗೋಡ ಮುಟ್ಟಿ, ಅಲ್ಲಿಂದ ಪಾಳಾಕ್ಕೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಇದು ಸಂಭವನೀಯತೆಯ ಮಾತು, ಒಬ್ಬೊಬ್ಬರಿಗೆ ಅನ್ವಯಿಸುವುದಿಲ್ಲ ಎಂದು ಹೇಳಬೇಕು. ಎಂಟು ವರ್ಷದ ಮಗುವಿಗೆ ಸಂಭವನೀಯತೆ ಹೇಗೆ ಹೇಳುವುದು ಎಂದು ತಲೆ ಕೆಡಿಸಿಕೊಂಡೆ. ಊರ ಹೊರಗೇ ಅವರ ಹೊಲ. ಗೋವಿನಜೋಳ ಮುರಿಯುವ ಹೊತ್ತು. ಅಜ್ಜಿ ಬದುವಿನ ಮೇಲೆ ಕವಣೆ ಹಿಡಿದು ನಿಂತಿದ್ದಳು, ಎದುರಿನ ಮಾವಿನ ಮರದಲ್ಲಿ ಒಂದು ಮುಸ್ಯಾನ ಗುಂಪು ತೆನೆಗೆ ಹೊಂಚು ಹಾಕಿ ಕೂತಿತ್ತು. ನನ್ನನ್ನು ಅಲ್ಲೇ ನಿಲ್ಲಿಸಿಕೊಂಡಳು. ಕುಡಿಯಲು ನೀರು ಕೊಟ್ಟಳು, ಆಮೇಲೆ ಕೇಳಿದಳು, ಈ ಪಾಠ ಎಷ್ಟು ವರ್ಷದಿಂದ ಹೇಳುತ್ತೀರಿ ಎಂದು. ಹದಿನೆಂಟು ವರ್ಷ ಎಂದೆ. ಕೊಂದದ್ದನ್ನು ಕಣ್ಣಾರೆ ನೋಡಿದ್ದೀರಾ ಎಂದಳು. ಇಲ್ಲ ಎಂದೆ.

ತಾನು ನೋಡಿದ್ದೇನೆ ಎಂದಳು. ಈ ಮನೆಗೆ ಬಂದಾಗಿನಿಂದ ಈ ಹೊಲದಲ್ಲಿ ಮುಸ್ಯಾ ಕಾಯುತ್ತಿರುವವಳು, ಒಂದೇ ಒಂದು ಸಲ ನೋಡಿದ್ದಳಂತೆ, ಎರಡು ದಿನ ಮನಸ್ಸು ಕೆಟ್ಟಿತ್ತಂತೆ. ಹೋದ ವರ್ಷ ಇದೇ ಗುಂಪಿಗೆ ಹೊಸ ಗಂಡು ಬಂತು, ಒಂದು ಮರಿಯನ್ನೂ ಮುಟ್ಟಲಿಲ್ಲ ಎಂದಳು. ಆಮೇಲೆ ಮರದ ಕಡೆ ಕೈ ತೋರಿಸಿದಳು. ಒಂದು ಹೆಣ್ಣಿನ ಎದೆಗೆ ಕಪ್ಪು ಮರಿಯೊಂದು ಅಂಟಿಕೊಂಡಿತ್ತು. ನೋಡನೋಡುತ್ತಲೇ ಇನ್ನೊಂದು ಹೆಣ್ಣು ಬಂದು ಅದನ್ನು ಎತ್ತಿಕೊಂಡಿತು, ಅದರಿಂದ ಮತ್ತೊಂದು. ಹೆತ್ತವಳು ನಿಶ್ಚಿಂತೆಯಿಂದ ಚಿಗುರು ತಿನ್ನುತ್ತ ಕೂತಿದ್ದಳು. ದಿನ ಬೆಳಗಾದರೆ ಕಾಣುವುದು ಇದು, ಇದನ್ನು ಯಾಕೆ ಹೇಳಲಿಲ್ಲ ಎಂದು ಅಜ್ಜಿ ಕೇಳಿದಳು.

ಅದಕ್ಕೂ ವಿವರಣೆ ಇದೆ ಎಂದು ನಾನು ಶುರು ಮಾಡಿದೆ. ಚಿಕ್ಕ ಹೆಣ್ಣುಗಳು ಮುಂದೆ ತಮ್ಮ ಮರಿ ಸಾಕಲು ಅಭ್ಯಾಸ ಮಾಡುತ್ತವೆ, ಗುಂಪಿನೊಳಗೆ ಅವೆಲ್ಲ ಹತ್ತಿರದ ರಕ್ತವೇ ಇರುತ್ತವೆ. ಹೊಸ ಗಂಡು ಕೊಲ್ಲದೆ ಬಿಟ್ಟರೆ ಅದಕ್ಕೂ ಒಂದು ಲಾಭವಿರುತ್ತದೆ. ಅಜ್ಜಿ ಕವಣೆ ತಿರುಗಿಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು.

"ಕೊಂದ್ರೂ ರಕ್ತಕ್ಕ, ಬಿಟ್ರೂ ರಕ್ತಕ್ಕ, ಎತ್ತಿಕೊಂಡು ಆಡಿಸಿದ್ರೂ ರಕ್ತಕ್ಕ. ಹಂಗಾದ್ರ ನಿಮ್ಮ ಮಾತು ಸೋಲೂದು ಯಾವಾಗ ರೀ?"

ದೊಡ್ಡ ದೊಡ್ಡ ವಿಚಾರಸಂಕಿರಣಗಳಿಗೆ ಹೋಗಿ ಬಂದವನು ನಾನು. ಅಲ್ಲಿ ಯಾರೂ ನನ್ನನ್ನು ಹೀಗೆ ಹಿಡಿದು ನಿಲ್ಲಿಸಿರಲಿಲ್ಲ. ಎಂದೂ ಸೋಲದ ಮಾತು ಏನನ್ನೂ ತಿಳಿಸುವುದಿಲ್ಲ ಎಂದು ನಾನೇ ಮೊದಲ ವರ್ಷದ ಹುಡುಗರಿಗೆ ಹೇಳುತ್ತಿದ್ದೆನಲ್ಲ. ವಿಕಾಸವಾದವನ್ನು ನಾನು ಇವತ್ತಿಗೂ ಮನಸಾರೆ ನಂಬುತ್ತೇನೆ, ಅದರ ವಿಷಯಕ್ಕೆ ಬಂದವರ ಜೊತೆ ಜಗಳಕ್ಕೂ ನಿಲ್ಲುತ್ತೇನೆ. ನಾನು ಮಾಡಿದ್ದು ಬೇರೆ. ಲಾಭ, ಲೆಕ್ಕ, ಸ್ವಾರ್ಥ ಎಂಬ ನಮ್ಮ ಸಂತೆಯ ಮಾತುಗಳನ್ನು ಒಯ್ದು ಮುಸ್ಯಾನ ತಲೆಯೊಳಗೆ ಇಟ್ಟೆ. ಆಮೇಲೆ ಅಲ್ಲಿಂದಲೇ ಅವನ್ನು ತೆಗೆದು ತಂದು, ನೋಡಿ, ಮನುಷ್ಯನ ಮೂಲ ಇಲ್ಲಿದೆ ಎಂದು ಹುಡುಗರಿಗೆ ತೋರಿಸಿದೆ. ಮಕ್ಕಳಾಟದಲ್ಲಿ ತಾನೇ ಬಚ್ಚಿಟ್ಟ ಗೋಲಿಯನ್ನು ತಾನೇ ಹುಡುಕಿ ಕುಣಿಯುವ ಹಾಗೆ. ಇದರಲ್ಲಿ ಒಂದು ಮಗು ಹೆದರಿ ಹಾಲು ಬಿಟ್ಟಿತ್ತು.

ಅಜ್ಜಿಯ ಹಿಂದೆ ಮನೆಗೆ ಬಂದರೆ, ಅಂಗಳದಲ್ಲಿ ಅಜ್ಜ ಹಗ್ಗ ಹೊಸೆಯುತ್ತಿದ್ದ. ಹಗ್ಗದ ಇನ್ನೊಂದು ತುದಿ ಮಗಳ ಕೈಯಲ್ಲಿತ್ತು. ನನ್ನನ್ನು ಕಂಡವಳೇ ಅಜ್ಜನ ಬೆನ್ನಿನ ಹಿಂದೆ ಸರಿದಳು, ಆದರೆ ಹಗ್ಗ ಬಿಡಲಿಲ್ಲ. ಅವಳು ಸರಿದದ್ದನ್ನು ನೋಡಿ ನನಗಾದ ಸಂಕಟ ನನಗೊಬ್ಬನಿಗೇ ಗೊತ್ತು. ಅಜ್ಜಿ ಕಟ್ಟೆಯ ಮೇಲೆ ಕೂತು, ಅಲ್ಲಿಯವರೆಗೆ ನನಗೆ ಗೊತ್ತಿಲ್ಲದ ಒಂದು ವಿಷಯವನ್ನು, ಮಳೆ ಬಂದ ಸುದ್ದಿ ಹೇಳಿದಷ್ಟು ಸಹಜವಾಗಿ ಹೇಳಿದಳು.

"ಇವರು ನನ್ನ ಉಡಕಿ ಗಂಡ. ನಾ ಈ ಮನಿಗೆ ಬಂದಾಗ ಇವಳಪ್ಪ ನನ್ನ ಬಗಲಾಗಿದ್ದ. ಇನ್ನೂ ಹಾಲು ಕುಡೀತಿದ್ದ."

ನನ್ನ ಹೆಂಡತಿಗೆ ಇದು ಗೊತ್ತಿತ್ತು. ನನಗೆ ಹೇಳಿರಲಿಲ್ಲ, ಹೇಳಬೇಕಾದ ವಿಷಯ ಎಂದೇ ಅವಳಿಗೆ ಅನ್ನಿಸಿರಲಿಲ್ಲ. ಆಮೇಲೆ ಆ ಮನೆಯಲ್ಲಿ ಇನ್ನೆರಡು ಹೆಣ್ಣುಮಕ್ಕಳು ಹುಟ್ಟಿ ಮದುವೆಯಾಗಿ ಹೋಗಿದ್ದರು. ಯಾರದು ಯಾವ ರಕ್ತ ಎಂಬ ಮಾತು ಅಲ್ಲಿ ಎದ್ದಿರಲೇ ಇಲ್ಲ. ಇಷ್ಟಾದರೂ ನನ್ನ ತಲೆ ನೋಡಿ. ಹೆಂಡತಿಯನ್ನು ಒಲಿಸಿಕೊಳ್ಳಲು ಗಂಡು ಅವಳ ಮಗುವನ್ನು ಸಾಕುತ್ತದೆ ಎಂಬ ಪುಸ್ತಕದ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ನಾನು ಒಂದು ವಿವರಣೆಯನ್ನು ನುಂಗಿಕೊಂಡೆ.

ಮಗಳ ಕೈ ಹಗ್ಗದ ಮೇಲೆ ನಿಂತಿತ್ತು. ಅಜ್ಜನನ್ನು ಹೊಸದಾಗಿ ನೋಡುವವಳಂತೆ ಮುಂದೆ ಬಂದು ಅವನ ಮುಖ ನೋಡಿದಳು. ನಮ್ಮಪ್ಪನ ಮೇಲೆ ನಿನಗೆ ಸಿಟ್ಟು ಬರುತ್ತಿರಲಿಲ್ಲವಾ ಎಂದು ಕೇಳಿದಳು. ಅಜ್ಜ ಸುಳ್ಳು ಹೇಳುವವನಲ್ಲ. ಬರುತ್ತಿತ್ತು, ಬಹಳ ಬರುತ್ತಿತ್ತು ಎಂದ. ಒಂದು ದಿನ ಅಜ್ಜನ ಹೊಸ ಚಪ್ಪಲಿ ಎರಡನ್ನೂ ಆ ಹುಡುಗ ಬಾವಿಗೆ ಒಗೆದಿದ್ದನಂತೆ.

"ಬಡದ್ಯೇನು?" ಎಂದಳು ಮಗಳು.

"ಎರಡು ಏಟು ಹಾಕಿದೆ. ಅವ ಅತ್ತು, ಉಂಡು, ಮಲಗಿದ. ನನಗ ಊಟ ಸೇರಲಿಲ್ಲ."

ಅಜ್ಜ ಇಷ್ಟು ಹೇಳಿ ಹಗ್ಗ ಬಿಗಿ ಹಿಡಿ ಎಂದು ಗದರಿದ, ಅವಳು ಹಿಡಿದಳು. ನಾನು ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ. ಅವಳ ಎದುರು ಮಣ್ಣಿನ ಮೇಲೆ ಕೂತೆ. ನಾನು ತಪ್ಪು ಹೇಳಿದೆ ಎಂದೆ. ಮುಸ್ಯಾನ ವಿಷಯ ಸ್ವಲ್ಪ ಗೊತ್ತಿತ್ತು, ಮನುಷ್ಯರ ವಿಷಯ ಗೊತ್ತಿಲ್ಲದೆ ಗೊತ್ತಿದೆ ಅಂದೆ, ಜನ ನಗಲಿ ಅಂತ ಅಂದೆ ಎಂದೆ. ನೀನು ಮನೆಯಲ್ಲಿ ಇಲ್ಲದೆ ನನಗೂ ಊಟ ಸೇರುತ್ತಿಲ್ಲ ಎಂದೆ. ಅದು ನಿಜವಾಗಿತ್ತು.

ಅವಳು ನನ್ನನ್ನು ತೂಕ ಮಾಡುವ ಹಾಗೆ ನೋಡಿದಳು. ಪಾಠ ಹೇಳಿಸಿಕೊಂಡವರು ಇನ್ನೂ ಅದನ್ನೇ ನಂಬಿರುತ್ತಾರಲ್ಲ ಎಂಬುದು ಅವಳ ತಕರಾರು.

"ಅವರಿಗೂ ಹೇಳ್ರಿ. ನಾ ಕೇಳಿಸಿಕೊಳ್ತೇನಿ. ಆಮ್ಯಾಲ ನೋಡೂಣು."

ಆ ಸಂಜೆಯೇ ಬಸ್ಸಿನಲ್ಲಿ ನನ್ನ ಜೊತೆ ಬಂದಳು. ಆದರೆ ಒಂದು ಶರತ್ತಿನ ಮೇಲೆ: ಅಜ್ಜಿಯೂ ಜೊತೆಗೆ ಬರಬೇಕು, ಮಧ್ಯದ ಸೀಟಿನಲ್ಲಿ ಅಜ್ಜಿ ಕೂರಬೇಕು. ಹಳಿಯಾಳದವರೆಗೆ ಅಜ್ಜಿ ನಮ್ಮಿಬ್ಬರ ನಡುವೆ ಗಡಿಕಲ್ಲಿನಂತೆ ಕೂತಿದ್ದಳು. ಅಲ್ಲಿಂದ ಮುಂದೆ ನಿದ್ದೆ ಬಂದು ಇಬ್ಬರ ಮೇಲೂ ಸರದಿಯಂತೆ ವಾಲಿದಳು. ಮನೆ ಮುಟ್ಟಿದಾಗ ಹೆಂಡತಿ ಬಾಗಿಲಲ್ಲೇ ಇದ್ದಳು. ಮಗಳನ್ನು ಅಪ್ಪಿಕೊಂಡು ನನ್ನ ಕಡೆ ಒಮ್ಮೆ ನೋಡಿದಳು. ಬೆಳಿಗ್ಗೆ ಹಾಲು ಕಾಯಿಸಿದಳು, ಮಗಳು ಮುಟ್ಟಲಿಲ್ಲ. ಇಡೀ ವಾರ ಹಾಗೆಯೇ ಹೋಯಿತು. ನಾನು ಕೆನೆ ಇಲ್ಲದ ಚಹಾ ಕುಡಿದೆ.

ಭಾನುವಾರ ವಿದ್ಯಾರ್ಥಿಗಳು ಬಂದರು. ಮಗಳು ಕಿಟಕಿಯ ಕಟ್ಟೆಯಲ್ಲಿ ಕೂರಲಿಲ್ಲ, ಪಡಸಾಲೆಯ ಹೊಸ್ತಿಲ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಕೂತಳು. ಅವಳ ಹಿಂದೆ ಅಜ್ಜಿ, ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ. ಆವತ್ತು ಹೇಳಿದ ಕೊನೆಯ ಮಾತು ಪುಸ್ತಕದ್ದಲ್ಲ, ನನ್ನದು, ಅದು ತಪ್ಪು ಎಂದೆ. ಮುಸ್ಯಾ ಕೊಲ್ಲುವುದೂ ಉಂಟು, ಕೊಲ್ಲದಿರುವುದೂ ಉಂಟು, ಒಂದರ ಮರಿಯನ್ನು ಇನ್ನೊಂದು ಹೊತ್ತು ತಿರುಗುವುದೂ ಉಂಟು. ಅದರಲ್ಲಿ ಒಂದನ್ನೇ ಆರಿಸಿ ಇದೇ ಮನುಷ್ಯನ ಒಳಗಿರುವುದು ಅನ್ನುವ ಹಕ್ಕು ನನಗಿಲ್ಲ ಎಂದೆ. ಇನ್ನೊಬ್ಬರ ಮಗುವನ್ನು ಸಾಕುವವನೊಳಗೆ ಸಿಟ್ಟಿರಬಹುದು, ಅಸೂಯೆಯೂ ಇರಬಹುದು, ಅವು ಹೆತ್ತವನೊಳಗೂ ಇರುತ್ತವೆ, ಮಗುವಿನ ಹಣೆಬರಹ ಬರೆಯುವುದು ಅವಲ್ಲ ಎಂದೆ. ಹಿಂದಿನ ಸಾಲಿನ ಹುಡುಗನೊಬ್ಬ ಪೆನ್ನು ಎತ್ತಿ ಹಿಡಿದು, ಹಾಗಾದರೆ ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು ಸರ್ ಎಂದು ಕೇಳಿದ. ಪುಸ್ತಕದಲ್ಲಿರುವಷ್ಟನ್ನು ಬರೆ, ಮನುಷ್ಯರ ವಿಷಯ ಕೇಳಿದರೆ ಇನ್ನೂ ಓದುತ್ತಿದ್ದೇನೆ ಎಂದು ಬರೆ ಎಂದೆ. ಅಜ್ಜಿ ಒಬ್ಬಳೇ ನಕ್ಕಳು.

ಮಗಳು ಎದ್ದು ಒಳಗೆ ಹೋದಳು. ಪಾಠ ಮುಂದುವರಿಸಿದೆ, ಏನು ಹೇಳುತ್ತಿದ್ದೇನೆ ಎಂಬುದು ನನಗೇ ತಿಳಿಯುತ್ತಿರಲಿಲ್ಲ. ಒಲೆ ಹೊತ್ತಿದ ಸದ್ದು, ಪಾತ್ರೆಯ ಸದ್ದು ಕೇಳಿಸಿತು. ಆಮೇಲೆ ಅವಳು ಹೊರಗೆ ಬಂದಳು. ಲಂಗದ ತುದಿಯಲ್ಲಿ ಬಿಸಿ ಲೋಟ ಹಿಡಿದುಕೊಂಡು, ವಿದ್ಯಾರ್ಥಿಗಳ ನಡುವೆ ದಾರಿ ಮಾಡಿಕೊಂಡು, ನೇರ ನನ್ನ ಮುಂದೆ ಬಂದು ನಿಂತಳು.

"ಸರ್, ಕೆನಿ ತಗೀರಿ."

ಅವಳಿಗೆ ಈಗ ಹದಿನೈದು. ನನ್ನನ್ನು ಇವತ್ತಿಗೂ ಸರ್ ಎಂದೇ ಕರೆಯುತ್ತಾಳೆ, ನನಗೆ ಬೇರೆ ಹೆಸರು ಬೇಕಾಗಿಲ್ಲ. ಅವತ್ತು ಚಮಚ ತರುತ್ತೇನೆ ಎಂದು ನಾನು ಒಳಗೆ ಹೋದೆ. ಚಮಚಗಳು ಕಣ್ಣೆದುರೇ ಇದ್ದವು, ಸರಿಯಾಗಿ ಕಾಣಿಸಲಿಲ್ಲ. ಹೆಂಡತಿಯೇ ಒಂದನ್ನು ತೆಗೆದು ನನ್ನ ಕೈಗೆ ಕೊಟ್ಟು, ಹೋಗಿ, ಹಾಲು ಆರುತ್ತದೆ ಎಂದಳು.